ಕಿಡಿ ಬೀಳುವ ಹೊತ್ತು

—ಗಾಡಿ ಮ್ಯಾಲೇ ಬರ್ತೀನಿ ಅಂದಳಲ್ಲ, ನಿಜವಾಗಿಯೂ ಅಂದಳು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಕತ್ತು ಎತ್ತದೆ, ಕೈ ನಿಲ್ಲಿಸದೆ, ಬಸ್ಸು ಬ್ಯಾಡ್ರಿ, ಇವತ್ತ ನಿಮ್ಮ ಗಾಡಿ ಮ್ಯಾಲೇ ಬರ್ತೀನಿ, ತಯಾರ್ ಐತಿಲ್ಲ ಗಾಡಿ, ಎಂದಳು, ಪಂಪಾಪತಿಯ ಬಾಯಿ ಪಂಪಾಪತಿಯನ್ನು ಒಂದು ಮಾತೂ ಕೇಳದೆ, ಐತಿ, ತಯಾರ್ ಐತಿ, ಎಂದುಬಿಟ್ಟಿತು, ಈಗ ಬೇವಿನ ನೆರಳಿನಲ್ಲಿ ಹಳೆಯ ಬೈಕಿನ ಎಡಗಡೆಯ ಮುಚ್ಚಳ ಬಿಚ್ಚಿಟ್ಟುಕೊಂಡು ಕೂತವನ ಎದೆ ಹೊಡೆದುಕೊಳ್ಳುತ್ತಿರುವುದು ಖುಷಿಗೋ ಭಯಕ್ಕೋ ತಿಳಿಯುತ್ತಿಲ್ಲ, ಎರಡಕ್ಕೂ ಇರುವುದು ಅದೊಂದೇ ಜಾಗ — ಕಂಬ ಹತ್ತುವಾಗ ಹೀಗಾಗುವುದಿಲ್ಲ, ಇಷ್ಟು ವರ್ಷದಿಂದ ಕುಕನೂರಿನಲ್ಲಿ ಲೈನ್‌ಮನ್, ಮಳೆಗಾಳಿಯಲ್ಲಿ ತಂತಿ ಕಡಿದು ಬಿದ್ದರೂ ಎದೆ ತನ್ನ ಪಾಡಿಗೆ ತಾನಿರುತ್ತದೆ, ಆದರೆ ಹೆಂಡತಿ ನೇತ್ರಾವತಿ ಎರಡು ವರ್ಷದ ಮೇಲೆ ಈ ಗಾಡಿಯ ಹೆಸರೆತ್ತಿದ್ದಾಳೆ, ಅದೂ ತಾನಾಗಿ, ಗಾಡಿ ನೋಡಿದರೆ ತಯಾರಿಲ್ಲ, ಸಿಡಿಐ ಎಂದು ಕರೆಯುವ ಆ ಕಿಡಿ ಹಚ್ಚುವ ಹೊಸ ಡಬ್ಬಿ ಹಾಕಿದಾಗಿನಿಂದ ಕಿಕ್ಕು ಹೊಡೆದರೆ ಕಿಕ್ಕೇ ತಿರುಗಿ ಕಾಲಿಗೆ ಹೊಡೆಯುತ್ತದೆ, ಚಾಲೂ ಆದರೂ ಏರಿನಲ್ಲಿ ಡಬ್ಬದೊಳಗೆ ಗುಂಡು ಅಲ್ಲಾಡಿಸಿದಂತೆ ಕಟಕಟ, ಎಂಜಿನ್ನು ಬಾಣಲೆಯಂತೆ ಕಾಯುತ್ತದೆ, ಇದನ್ನು ಅವಳಿಗೆ ಹೇಳಿಲ್ಲ, ಹೇಳುವುದು ಹೇಗೆ, ಗಾಡಿಯ ವಿಷಯವೇ ಆ ಮನೆಯಲ್ಲಿ ಮಾತಿಗೆ ಬರುತ್ತಿರಲಿಲ್ಲ. ಸಂಜೆ ಕುಷ್ಟಗಿಯಲ್ಲಿ ಅವಳ ತಂಗಿಯ ಮಗುವಿನ ತೊಟ್ಟಿಲು, ಹೆಣ್ಣು ಕೂಸು, ತೀರಿಹೋದ ಅವಳ ಅವ್ವನ ಹೆಸರೇ ಇಡುತ್ತಾರಂತೆ, ಹುಲಗೆಮ್ಮ. ಬಸ್ಸಿಗೇನು ಕಡಿಮೆಯಿಲ್ಲ, ಊಟದ ಹೊತ್ತು ಕಳೆದ ಮೇಲೆ ಕುಷ್ಟಗಿಯ ಬಸ್ಸು ಕ್ವಾರ್ಟರ್ಸಿನ ಮುಂದೆಯೇ ಹೋಗುತ್ತದೆ, ಕೈ ಮಾಡಿದರೆ ನಿಲ್ಲುತ್ತದೆ, ಇದೇ ಅವನನ್ನು ಕೊಲ್ಲುತ್ತಿರುವುದು, ಗಾಡಿ ಆಗಲಿಲ್ಲವೆಂದರೆ ಅವಳು ಸಿಟ್ಟಾಗುವವಳಲ್ಲ, ಹೂಂ ಇರ್ಲಿ ಬಿಡ್ರಿ ಎಂದು ಸೆರಗು ಹೊದ್ದು ಹೋಗಿ ಬಸ್ಸು ಹತ್ತುತ್ತಾಳೆ, ಕಿಟಕಿಯ ಪಕ್ಕ ಕೂರುತ್ತಾಳೆ, ಇನ್ನೊಮ್ಮೆ ಕೇಳುವುದಿಲ್ಲ, ಈ ಜನ್ಮದಲ್ಲಿ ಇನ್ನೊಮ್ಮೆ ಕೇಳುವುದಿಲ್ಲ.

ಪ್ಲಗ್ಗು ಹೊಸದು, ಅದನ್ನು ಬಿಡು. ಪೆಟ್ರೋಲು ಖಾಲಿ ಮಾಡಿ ಬೇರೆ ಹಾಕಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಅರ್ಥಿಂಗ್ ವೈರು ಕೆರೆದು ಬಿಗಿದೆ, ಅದೂ ಬಿಡು. ಉಳಿದಿರುವುದು ಕಿಡಿ, ಕಿಡಿ ಬೀಳುತ್ತಿದೆ, ದಪ್ಪ ನೀಲಿ ಕಿಡಿ, ಹಳೆಯ ಡಬ್ಬಿಯ ಹಳದಿ ಸೊರಗು ಕಿಡಿಯಲ್ಲ, ಕತ್ತಲೆಯಲ್ಲಿ ನೋಡಿದರೆ ಖುಷಿಯಾಗುವಂಥದ್ದು, ಬೀಳುತ್ತದೆ ಸರಿ, ಬೀಳುವ ಹೊತ್ತಿಗೆ ಬೀಳುತ್ತದೆಯೇ. ಪಿಸ್ಟನ್ನು ಮೇಲೇರಿ ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಕಿಡಿ ಬೀಳಬೇಕು, ಬೆಂಕಿ ಹೊತ್ತಿಕೊಳ್ಳುವಷ್ಟರಲ್ಲಿ ಪಿಸ್ಟನ್ನು ತುದಿ ದಾಟಿರುತ್ತದೆ, ಬೆಂಕಿ ಅದನ್ನು ಕೆಳಗೆ ನೂಕುತ್ತದೆ, ಗಾಡಿ ಓಡುತ್ತದೆ, ಅದಕ್ಕಿಂತ ಮೊದಲೇ ಬಿದ್ದರೆ ಇನ್ನೂ ಏರುತ್ತಿರುವ ಪಿಸ್ಟನ್ನಿನ ನೆತ್ತಿಯ ಮೇಲೇ ಬೆಂಕಿ ಹೊಡೆಯುತ್ತದೆ, ಕಿಕ್ಕು ತಿರುಗಿ ಒದೆಯುವುದು ಅದಕ್ಕೇ, ಕಟಕಟವೂ ಅದಕ್ಕೇ. ಇಷ್ಟು ಹೇಳಿಕೊಟ್ಟವನು ಜಹೀರ, ಯಲಬುರ್ಗಾ ರಸ್ತೆಯ ಗ್ಯಾರೇಜಿನವನು, ಗಾಡಿ ರಿಪೇರಿ ಮಾಡುವುದಕ್ಕಿಂತ ಗಾಡಿಯ ಬಗ್ಗೆ ಮಾತಾಡುವುದರಲ್ಲೇ ಹೆಚ್ಚು ಸುಖ ಕಾಣುವ ಹುಡುಗ, ಇವತ್ತೇ ಗಂಗಾವತಿಯಲ್ಲಿ ಯಾರದೋ ಮದುವೆಗೆ ಹೋಗಿ ಕೂತಿದ್ದಾನೆ, ಫೋನಿನಲ್ಲಿ ಹಿಂದಿನಿಂದ ಬ್ಯಾಂಡಿನ ಸದ್ದು, ಪಂಪಣ್ಣ, ಹಳೇ ಡಬ್ಬಿ ಹಾಕಿ ನೋಡಿದಿ ಏನ. ನೋಡಿದೆ. ಏನಂತೈತಿ. ಹಳೇದ್ರಾಗ ಛಲೋ ಓಡ್ತೈತಿ. ಹಂಗಾರ ಹಳೇದರ ಮ್ಯಾಲೇ ಹೋಗಿ ಬಾ, ನಾಳಿ ನೋಡೂಣು — ಎಂದ, ಅವನಿಗೇನು ಗೊತ್ತು, ಹಳೆಯದರ ಮೇಲೆ ಹೋಗುವಂತಿದ್ದರೆ ಈ ಪಾಡೆಲ್ಲ ಯಾಕೆ, ಹಳೆಯ ಡಬ್ಬಿ ತಣ್ಣಗಿರುವ ತನಕ ಅರಸ, ಯಲಬುರ್ಗಾ ದಾಟುವಷ್ಟರಲ್ಲಿ ಕಾದು ಸಾಯುತ್ತದೆ, ಕಿಡಿಯೇ ಇಲ್ಲ, ಅರ್ಧ ತಾಸು ತಣ್ಣಗಾದ ಮೇಲೆ ತಾನಾಗಿ ಜೀವ ಬರುತ್ತದೆ, ಮೆಕ್ಯಾನಿಕ್ಕಿನ ಮುಂದೆ ಒಮ್ಮೆಯೂ ಸಾಯುವುದಿಲ್ಲ, ಅವತ್ತು ಆದದ್ದೂ ಅದೇ.

ಅವತ್ತು — ಬೇಡ, ಈಗ ಅದು ಬೇಡ, ಸ್ಪ್ಯಾನರ್ ಎಲ್ಲಿ — ಅವತ್ತು ಬೆಳಗಿನಲ್ಲಿ ಕುಷ್ಟಗಿಯ ಅವಳ ತವರಿನಿಂದ ಫೋನು ಬಂದಿತ್ತು, ಅವ್ವ ಹೋದಳು ಅಂತ, ಇವಳು ಉಟ್ಟ ಸೀರೆಯಲ್ಲೇ ಬಂದು ಹಿಂದೆ ಕೂತಳು, ಚಪ್ಪಲಿಯನ್ನೂ ಹಾಕಿರಲಿಲ್ಲ, ಯಲಬುರ್ಗಾ ದಾಟಿ ಆ ಕಡೆ ಈ ಕಡೆ ಬರೀ ಕಡಲೆ ಹೊಲ ಇರುವ ರಸ್ತೆಯಲ್ಲಿ ಗಾಡಿ ಕೆಮ್ಮಿತು, ನಿಂತಿತು, ಕಿಕ್ಕು ಹೊಡೆದ, ಹೊಡೆದ, ಅಂಗಿ ಬೆನ್ನಿಗೆ ಅಂಟಿತು, ಬಂದ ಒಂದು ಜೀಪು ತುಂಬಿಹೋಗಿತ್ತು, ನಿಲ್ಲಲಿಲ್ಲ, ಇವಳು ರಸ್ತೆಯ ಅಂಚಿನಲ್ಲಿ ಬರಿಗಾಲಿನಲ್ಲಿ ನಿಂತಿದ್ದಳು, ಬೇಗ ಮಾಡ್ರಿ ಎಂದೂ ಅನ್ನಲಿಲ್ಲ. ತವರು ಮುಟ್ಟಿದಾಗ ಮಣ್ಣು ಕೊಟ್ಟ ಜನ ಕೈಕಾಲು ತೊಳೆದುಕೊಂಡು ವಾಪಸು ಬರುತ್ತಿದ್ದರು, ಬಿಸಿಲು ಬಹಳವಿತ್ತು ಕಾಯಲಾಗಲಿಲ್ಲ ಎಂದರು, ಇವಳು ಅವ್ವನ ಮುಖ ನೋಡಲೇ ಇಲ್ಲ. ಮರುದಿನ ಗಾಡಿಯನ್ನು ಗೋಡೆಗೆ ಸೇರಿಸಿ ದಪ್ಪ ಟಾರ್ಪಾಲಿನ ತಾಡಪತ್ರೆ ಹೊದಿಸಿದ, ಕೆಲಸಕ್ಕೆ ಆಫೀಸಿನ ಗಾಡಿ ಇದ್ದೇ ಇತ್ತು, ಅವಳು ಅಂಗನವಾಡಿಗೆ ನಡೆದು ಹೋಗುತ್ತಿದ್ದಳು, ಊರಿಗೆ ಹೋಗುವುದಿದ್ದರೆ ಬಸ್ಸು, ತಾಡಪತ್ರೆಯ ಕೆಳಗೆ ಇಲಿ ಗೂಡು ಕಟ್ಟಿತು, ಮನೆಯಲ್ಲಿ ಜಗಳ ಇರಲಿಲ್ಲ, ಜಗಳವಾದರೂ ಇದ್ದಿದ್ದರೆ, ಊಟಕ್ಕ ಬರ್ರಿ, ಬಂದೆ, ಉಪ್ಪು ಹೆಚ್ಚಾತೇನ್ರಿ, ಇಲ್ಲ, ಅಷ್ಟೇ. ಹೋದ ತಿಂಗಳು ಯಾವ ಗಳಿಗೆಯಲ್ಲಿ ಏನು ಹೊಕ್ಕಿತೋ ತಾಡಪತ್ರೆ ಎಳೆದ, ಇಲಿಯ ಗೂಡು ತೆಗೆದ, ಆ ಸಾಯುವ ಡಬ್ಬಿಯನ್ನು ಕಿತ್ತು ಹೊಸದನ್ನು ತರಿಸಿದ, ರೇಸಿನವರು ಹಾಕುವಂಥದ್ದು ಅಂತ ಬರೆದಿತ್ತು, ಕಾಯುವುದಿಲ್ಲ ಅಂತ ಬರೆದಿತ್ತು, ಅವನಿಗೆ ಬೇಕಿದ್ದದ್ದು ಅದೊಂದೇ ಮಾತು, ಕಾಯುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವಳು ನೋಡುತ್ತಿದ್ದಳೇನೋ, ಇಲ್ಲದಿದ್ದರೆ ಇವತ್ತು ಹೇಗೆ ಕೇಳುತ್ತಿದ್ದಳು, ನೋಡಿದ್ದಾಳೆ, ನೋಡಿಯೇ ಇದ್ದಾಳೆ, ಈ ಯೋಚನೆ ಬಂದದ್ದೇ ಅವನ ಕೈ ಬಿರುಸಾಯಿತು.

ಮ್ಯಾಗ್ನೆಟ್ಟು ಬಿಚ್ಚಬೇಕು, ಎಂಜಿನ್ನಿನ ಎಡಕ್ಕೆ ಗರಗರ ತಿರುಗುವ ಈ ಕಬ್ಬಿಣದ ಬಟ್ಟಲೇ ಕಿಡಿಗೆ ಹೊತ್ತು ಹೇಳುವುದು, ಅದನ್ನು ಹಿಡಿದಿರುವ ಸಣ್ಣ ಕೀಲಿ ಕತ್ತರಿಸಿದ್ದರೆ ಬಟ್ಟಲು ಜಾರಿ ಹೊತ್ತೆಲ್ಲ ಅಡ್ಡಾದಿಡ್ಡಿ, ಹೀಗೆಂದು ಜಹೀರ ಹೇಳಿದ್ದ, ಬಟ್ಟಲನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ ತಿರುವಿದ, ಟಕ್ ಎಂದು ಬಟ್ಟಲು ಕೈಗೆ ಬಂತು, ಕೀಲಿ ನೆಟ್ಟಗಿದೆ, ಅರ್ಧಚಂದ್ರದ ಹಾಗೆ ಹೊಚ್ಚಹೊಸದರಂತಿದೆ, ಅಯ್ಯೋ ಕತ್ತರಿಸಿದ್ದರೆ ಎಷ್ಟು ಛಲೋ ಇತ್ತು, ರೋಗ ಸಿಕ್ಕಿಬಿಡುತ್ತಿತ್ತು. ಮತ್ತೆ ಜೋಡಿಸು. ಜಹೀರನ ಗ್ಯಾರೇಜಿನಿಂದ ತಂದಿಟ್ಟುಕೊಂಡ ದೀಪ ತೆಗೆ, ಪಿಸ್ತೂಲಿನಂಥ ದೀಪ, ಬ್ಯಾಟರಿಗೆ ಎರಡು ಕ್ಲಿಪ್ಪು, ಪ್ಲಗ್ಗಿನ ವೈರಿಗೆ ಒಂದು, ಕಿಡಿ ಬಿದ್ದಾಗೊಮ್ಮೆ ಫಕ್ಕನೆ ಬೆಳಗುತ್ತದೆ, ಅದನ್ನು ತಿರುಗುವ ಮ್ಯಾಗ್ನೆಟ್ಟಿನ ಮೇಲೆ ಹಿಡಿದರೆ ತಿರುಗುವುದೇ ನಿಂತಂತೆ ಕಾಣುತ್ತದಂತೆ, ಮ್ಯಾಗ್ನೆಟ್ಟಿನ ಮೇಲಿನ ಗೆರೆ ಎಂಜಿನ್ನಿನ ಮೇಲಿನ ಗೆರೆಗೆ ಎದುರು ನಿಂತರೆ ಹೊತ್ತು ಸರಿ, ಕಂಬಕ್ಕೆ ನಂಬರು ಬರೆಯುವ ಬಿಳಿ ಬಣ್ಣದಲ್ಲಿ ಎರಡೂ ಗೆರೆ ಎಳೆದ, ಕಿಕ್ಕು ಹೊಡೆದ, ಅದು ತಿರುಗಿ ಒದೆಯಿತು, ಮತ್ತೆ ಹೊಡೆದ, ಹಿಡಿಯಿತು, ನೀಲಿ ಹೊಗೆ, ದೀಪ ಹಿಡಿದ — ಏನೂ ಕಾಣದು, ಬಿಸಿಲೇ ಬಿಸಿಲು, ಬೇವಿನ ನೆರಳಿನಲ್ಲೂ ಕುಕನೂರಿನ ಮಧ್ಯಾಹ್ನ ಎಂದರೆ ಇದು, ಈ ಬೆಳಕಿನಲ್ಲಿ ಆ ಬೆಳಕು ಯಾವ ಲೆಕ್ಕ, ರಾತ್ರಿಯಾಗಲಿ ಎಂದು ಕಾಯುವುದಕ್ಕಾಗುತ್ತದೆಯೇ, ಮನೆಯೊಳಗೆ ತಳ್ಳಲು ಬಾಗಿಲು ಕಿರಿದು, ಏನು ಮಾಡಲಿ, ಏನು ಮಾಡಲಿ — ಬೆನ್ನ ಹಿಂದೆ ಬಳೆಯ ಸದ್ದು.

ತಯಾರ್ ಐತಿ ಅಂದ್ರಿ, ಎಂದಳು ನೇತ್ರಾವತಿ. ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ತೊಟ್ಟಿಲ ಕಾರ್ಯಕ್ಕೆ ಉಡುವ ಸೀರೆ, ತಲೆಯಲ್ಲಿ ಮಲ್ಲಿಗೆ, ಆಗಲೇ ಹೊರಟು ನಿಂತಿದ್ದಾಳೆ. ಸುಳ್ಳು ಹೇಳಲು ಇನ್ನು ಜಾಗವಿಲ್ಲ, ಗಾಡಿ ಕರುಳು ಬಿಚ್ಚಿಕೊಂಡು ಕೂತಿದೆ, ಎಲ್ಲ ಹೇಳಿಬಿಟ್ಟ, ಡಬ್ಬಿ, ಕಿಡಿ, ಕಟಕಟ, ಈ ದೀಪ, ಈ ಬಿಸಿಲು, ಒಂದೇ ಉಸಿರಿನಲ್ಲಿ, ಜಹೀರನಿಗೆ ಹೇಳಿದಂತೆ, ಇಷ್ಟು ಮಾತು ಅವಳ ಮುಂದೆ ಆಡಿ ಯಾವ ಕಾಲವಾಗಿತ್ತೋ, ಮುಗಿಸಿ ಕಾದ, ಇರ್ಲಿ ಬಿಡ್ರಿ ಎನ್ನುತ್ತಾಳೆ ಈಗ, ಬಸ್ಸಿಗೆ ಹೋಗ್ತೀನಿ ಎನ್ನುತ್ತಾಳೆ, ಅನ್ನಲಿಲ್ಲ, ಕತ್ತಲಿ ಬೇಕೇನ್ರಿ ನಿಮಗ ಎಂದಳು, ಒಳಗೆ ಹೋದಳು, ಟ್ರಂಕಿನ ಮುಚ್ಚಳ ಕಿರ್ರೆಂದಿತು, ಬಂದಳು, ತೋಳಿನಲ್ಲಿ ಕೌದಿ. ಅವ್ವನ ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹುಲಗೆಮ್ಮ ಕೈಯಾರೆ ಹೊಲಿದದ್ದು, ಮದುವೆಯಲ್ಲಿ ಕೊಟ್ಟಿದ್ದು, ಅವ್ವ ಹೋದ ಮೇಲೆ ಅದನ್ನು ಅವಳು ಹೊದ್ದದ್ದನ್ನೂ ನೋಡಿಲ್ಲ, ಒಗೆದದ್ದನ್ನೂ ನೋಡಿಲ್ಲ. ಬ್ಯಾಡ, ಎಣ್ಣಿ ಆಗ್ತೈತಿ ನೇತ್ರಾ, ಎಂದ. ಆಗ್ಲಿ, ಹೊದಿಯಾಕಂತನ ಹೊಲದದ್ದು ಅದು, ಟ್ರಂಕಿನ್ಯಾಗ ಇಡಾಕಲ್ಲ, ಎಂದು ಗಾಡಿಯ ಮೇಲಿಂದ ಕೌದಿ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲ್ಲಿಗೆಯ ಸಮೇತ ಅದರೊಳಗೆ ಹೊಕ್ಕಳು, ಒಳಗಿನಿಂದ ಅವಳ ದನಿ, ಆ ದೀಪ ಕೊಡ್ರಿಲ್ಲೆ.

ಅವನು ಹೊರಗೆ, ಅವಳು ಒಳಗೆ, ಕಿಕ್ಕು ಹೊಡೆದ, ಎಂಜಿನ್ನು ಹಿಡಿಯಿತು, ಕಾಣ್ತದೇನು, ಕಾಣ್ತದ್ರಿ, ಏನು ಕಾಣ್ತದ, ಬಿಳೇ ಗೆರಿ, ಎರಡೂ ಎದುರಾಬದುರ ಅದಾವೇನು, ಇಲ್ರಿ, ತಿರಗೂದು ಇನ್ನೂ ಅದನ್ನ ಮುಟ್ಟಿಲ್ಲ, ನೀವು ಆಕ್ಸಲೇಟರ್ ಕೊಟ್ರ ಇನ್ನೂ ಹಿಂದ ಓಡ್ತೈತಿ, ಹಿಡಿಯಾಕ ಬಂದೋರ ಕೈಗೆ ಸಿಗದಂಗ — ಗೆರೆ ಮುಟ್ಟುವ ಮೊದಲೇ ಕಿಡಿ, ಕಿಡಿ ಮುಂದಾಗಿದೆ, ಸುಮ್ಮನಿರುವಾಗಲೂ ಮುಂದೆ, ಓಡಿಸಿದರೆ ಇನ್ನೂ ಮುಂದೆ, ಅವನು ಎಂಜಿನ್ನು ಆರಿಸಿ ಮತ್ತೆ ಬಟ್ಟಲು ಬಿಚ್ಚಿದ, ಅದರ ಹಿಂದೆ ತಂತಿ ಸುತ್ತಿದ ಕಾಯಿಲುಗಳನ್ನು ಹೊತ್ತ ತಟ್ಟೆ, ತಟ್ಟೆಯನ್ನು ಬಿಗಿದ ಸ್ಕ್ರೂಗಳ ಕಿಂಡಿ, ಕಿಂಡಿ ಉದ್ದವಾಗಿದೆ, ಅರದಿಂದ ತಿಕ್ಕಿದ ಗೀರುಗಳು ಈಗಲೂ ಹೊಳೆಯುತ್ತಿವೆ, ಯಾರೋ ಬೇಕೆಂದೇ ತಿಕ್ಕಿ ತಟ್ಟೆಯನ್ನು ತಿರುಗಿಸಿ ಬಿಗಿದಿದ್ದಾರೆ, ಯಾರೋ ಏನು, ನಜೀರಸಾಬ, ಗಂಗಾವತಿಯ ನಜೀರಸಾಬ, ಈ ಗಾಡಿಯನ್ನು ಮಾರಿದವನು, ಕಾಲುವೆಯ ದಂಡೆಯ ರಸ್ತೆಯಲ್ಲಿ ಬತ್ತದ ಲಾರಿಗಳನ್ನೆಲ್ಲ ಹಿಂದೆ ಹಾಕ್ತಿತ್ತು ಇದು ಎಂದು ಟ್ಯಾಂಕು ಸವರಿ ಸವರಿ ಹೇಳುತ್ತಿದ್ದ ಪುಣ್ಯಾತ್ಮ, ಓಟದ ಆಸೆಗೆ ಕಿಡಿಯನ್ನು ಆಗಲೇ ಮುಂದೆ ತಂದಿಟ್ಟಿದ್ದಾನೆ, ಹಳೆಯ ಡಬ್ಬಿಗೆ ತನ್ನದೆಂಬ ಬುದ್ಧಿ ಇರಲಿಲ್ಲ, ಹೇಳಿದ ಹೊತ್ತಿಗೆ ಕಿಡಿ ಬಿಡುತ್ತಿತ್ತು, ನಡೆಯಿತು, ಈ ಹೊಸದಕ್ಕೆ ಅದರದೇ ಬುದ್ಧಿ, ವೇಗ ಏರಿದಂತೆ ತಾನೇ ಕಿಡಿಯನ್ನು ಮುಂದೆ ತರುತ್ತದೆ, ಅವನೂ ತಂದ ಇದೂ ತಂದಿತು, ಒಂದೇ ಕೆಲಸವನ್ನು ಇಬ್ಬರು ಮಾಡಿದ್ದಾರೆ, ಸಿಕ್ಕಿತು, ಸಿಕ್ಕಿತು, ಡಬ್ಬಿ ಕೆಟ್ಟಿಲ್ಲ, ಏನೂ ಕೆಟ್ಟಿಲ್ಲ, ತಟ್ಟೆ ಹಿಂದಕ್ಕೆ ಬರಬೇಕು ಅಷ್ಟೇ, ನೇತ್ರಾ ಸಿಕ್ತು, ಎಂದ, ಅವಳು ಕೌದಿಯಿಂದ ತಲೆ ಹೊರಗೆ ಹಾಕಿದಳು, ಮೂಗಿನ ಮೇಲೆ ಮಸಿ.

ಹಿಂದಕ್ಕೆ ಎಂದರೆ ಯಾವ ಕಡೆ, ಖುಷಿಯಲ್ಲಿ ಯಾರು ಯೋಚಿಸುತ್ತಾರೆ, ಬಟ್ಟಲು ಎಡಕ್ಕೆ ತಿರುಗುತ್ತದೆ, ಹಾಗಾದರೆ ಬಲಕ್ಕೆ ತಿರುಗಿಸಿದರೆ ಹಿಂದೆ, ತಿರುಗಿಸಿದ, ಬಿಗಿದ, ಬಟ್ಟಲು ಹಾಕಿದ, ಅವಳು ಮತ್ತೆ ಕೌದಿಯೊಳಗೆ, ಕಿಕ್ಕು ಹೊಡೆದ, ಕಿಕ್ಕು ಹೇಸರಗತ್ತೆಯಂತೆ ಒದೆಯಿತು, ಮೊಣಕಾಲ ಕೆಳಗೆ ಮೂಳೆಗೇ, ಕಣ್ಣಿಗೆ ಕತ್ತಲೆ ಬಂದು ಅವನು ಒಂದು ಕಾಲಿನಲ್ಲಿ ಅಂಗಳ ಸುತ್ತಿದ, ಆಗ ಕೇಳಿಸಿತು, ಕೌದಿಯ ಒಳಗಿನಿಂದ, ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾಗದೆ, ನಗು, ನೇತ್ರಾವತಿ ನಗುತ್ತಿದ್ದಾಳೆ, ಕೌದಿ ಕುಲುಕುಲು ಅಲ್ಲಾಡುತ್ತಿದೆ, ಕಾಲು ಹೋದರೂ ಹೋಗಲಿ ಎನಿಸಿತು, ಇನ್ನೊಮ್ಮೆ ಒದೆಯಲಿ. ಮತ್ತೆ ಫೋನು, ಮತ್ತೆ ಜಹೀರ, ಮತ್ತೆ ಬ್ಯಾಂಡು, ಉಲ್ಟಾ ತಿರಿವಿಯಲ್ಲ ಪಂಪಣ್ಣ, ಕಾಯಿಲು ಮುಂದ ಸರದು ನಿಂತ್ರ ಮ್ಯಾಗ್ನೆಟ್ಟು ಅದನ್ನ ಮುಟ್ಟೂದು ತಡ ಆಗ್ತೈತಿ, ಮ್ಯಾಗ್ನೆಟ್ಟು ಯಾಕಡಿ ತಿರಗತೈತೋ ತಟ್ಟಿನೂ ಆಕಡೀನೇ ತಿರವು — ಹೌದಲ್ಲ, ಹೌದಲ್ಲ, ಬರುವವನನ್ನು ಎದುರು ಹೋಗಿ ಕಂಡರೆ ಬೇಗ ಭೇಟಿ, ಅವನು ಹೋಗುವ ದಾರಿಯಲ್ಲೇ ಮುಂದೆ ಹೋಗಿ ನಿಂತರೆ ತಡ, ಬಿಚ್ಚು ಮತ್ತೆ, ಪುಲ್ಲರ್, ಟಕ್, ಎಡಕ್ಕೆ, ಇನ್ನೂ ಎಡಕ್ಕೆ, ನಜೀರಸಾಬನ ಗೀರು ದಾಟಿ ಮೊದಲಿದ್ದ ಜಾಗಕ್ಕೆ, ಬಿಗಿ. ದೂರದಲ್ಲಿ ಹಾರ್ನು. ಕುಷ್ಟಗಿಯ ಬಸ್ಸು ಪ್ಯಾಟೆಯ ತಿರುವು ಬಿಟ್ಟಿದೆ, ಅದರ ಹಾರ್ನು ಅವನಿಗೆ ಗೊತ್ತು, ಇನ್ನೇನು ಇಲ್ಲಿಗೆ ಬರುತ್ತದೆ, ನಟ್ಟು ಕೈಯಿಂದ ಜಾರಿ ಧೂಳಿಗೆ ಬಿತ್ತು, ಹುಡುಕು, ಸಿಕ್ಕಿತು, ಬಿಗಿ, ನೇತ್ರಾ ಬಸ್ಸು ಬರಾಕ ಹತ್ತೇತಿ, ಹೋಗೂದಿದ್ರ — ಎಂದ, ಎಂದವನಿಗೆ ಯಾಕೆ ಎಂದೆನೋ ಎನಿಸಿತು. ಕಿಕ್ಕಿನ ಮೇಲೆ ಕಾಲಿಟ್ಟ. ಒಂದೇ ಏಟು, ಮೆತ್ತಗೆ ಇಳಿಯಿತು, ಮೆತ್ತಗೆ, ಬೆಣ್ಣೆಯೊಳಗೆ ಇಳಿದಂತೆ, ಹಿಡಿಯಿತು, ಟಿಣಿಟಿಣಿಟಿಣಿ, ಏನು ದನಿ ಅದು, ಒಂದೇ ಸಮ, ಹಾಡಿಗೆ ಕೂತವರಂತೆ.

ನೋಡು, ಕಾಣ್ತದೇನು, ಎಂದ, ಆಕ್ಸಲೇಟರ್ ಕೊಟ್ಟ, ಬಿಟ್ಟ, ಕಾಣ್ತದೇನು ನೇತ್ರಾ, ಎಂದ, ಒಂದು ಕೈಯನ್ನು ಹ್ಯಾಂಡಲಿನ ಮೇಲೇ ಬಿಟ್ಟು ಬಗ್ಗಿ ಅವನೂ ಕೌದಿಯೊಳಗೆ ತಲೆ ತೂರಿಸಿದ. ಕತ್ತಲೆ, ಕಾದ ಎಣ್ಣೆಯ ವಾಸನೆ, ಮಲ್ಲಿಗೆ, ಹಳೆಯ ಸೀರೆಗಳ ವಾಸನೆ, ಫಕಫಕ ಫಕಫಕ ದೀಪ, ಆ ದೀಪದಲ್ಲಿ ಅವಳ ಮುಖ ಬರುತ್ತದೆ ಹೋಗುತ್ತದೆ, ಕೆನ್ನೆ ಒದ್ದೆ, ಅಳುತ್ತಿದ್ದಾಳೆ, ಇಷ್ಟೊತ್ತು ನಕ್ಕವಳು, ಅವತ್ತ ಗಾಡಿ ನಿಂತದ್ದು — ಎಂದ, ಎರಡು ವರ್ಷ ಒಳಗಿಟ್ಟುಕೊಂಡಿದ್ದರಲ್ಲಿ ಅಷ್ಟೇ ಹೊರಗೆ ಬಂತು. ಗಾಡಿ ನಿಂತದ್ದಕ್ಕ ನಾ ಏನೂ ಅಂದಿಲ್ರಿ, ಎಂದಳು ಅವಳು, ದೀಪವನ್ನು ಗೆರೆಯ ಮೇಲಿಂದ ಸರಿಸದೆ, ಕಬ್ಬಿಣ ಐತಿ, ನಿಲ್ತೈತಿ, ನೀವು ಮರುದಿನಾನ ಇದರ ಮ್ಯಾಲೆ ತಾಡಪತ್ರಿ ಹಾಕಿದ್ರಿ, ಅವ್ವನ ಮಾತೂ ಅದರ ಕೆಳಗ ಹೋತು, ನಾ ಯಾರ ಮುಂದ ಅಳ್ಲಿ. ಇದಾಗಿತ್ತೇ, ಇಷ್ಟು ದಿನ ಇದಾಗಿತ್ತೇ, ನಿನ್ನ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿದ್ದೆ ಎನ್ನಬೇಕು, ಅನ್ನಲಾರ, ನಂಗ ಅಂಜಿಕಿ ಆಗಿತ್ತು ನೇತ್ರಾ, ಎಂದ. ಗೊತ್ತು, ಎಂದಳು. ರಸ್ತೆಯಲ್ಲಿ ಬಸ್ಸು ಬಂದು ನಿಂತಿತು, ಅಂಗಳದ ಕಡೆ ಹಾರ್ನು ಹೊಡೆಯಿತು, ಕಂಡಕ್ಟರನಿಗೆ ಅವಳ ಗುರುತು, ಭಾನುವಾರ ಕುಷ್ಟಗಿಗೆ ಬರುವ ಅಂಗನವಾಡಿ ಟೀಚರಮ್ಮ, ಇನ್ನೊಮ್ಮೆ ಹೊಡೆಯಿತು, ಕೌದಿಯೊಳಗೆ ಇಬ್ಬರೂ ಅಲ್ಲಾಡಲಿಲ್ಲ, ಗೇರು ಬಿತ್ತು, ಬಸ್ಸು ಹೋಯಿತು, ಅದರ ಸದ್ದು ಯಲಬುರ್ಗಾದ ಕಡೆ ಸಣ್ಣದಾಗುತ್ತ ಹೋಯಿತು, ಹೋಗಲಿ, ದಾರಿಯಲ್ಲೇ ಅದನ್ನು ಹಿಂದೆ ಹಾಕೋಣ, ಕಡಲೆ ಹೊಲದ ಹತ್ತಿರ ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ, ಎಷ್ಟು ಹೊತ್ತಾದರೂ, ತೊಟ್ಟಿಲಲ್ಲಿ ಕೂಸು, ಕೂಸಿನ ಕಿವಿಯಲ್ಲಿ ಹೆಸರು, ಇವಳೇ ಹೇಳಬೇಕು ಹೆಸರು, ಮೂಗಿನ ಮಸಿ ಒರೆಸಿಕೊಳ್ಳಬೇಕು ಮೊದಲು, ಅಥವಾ ಇರಲಿ — ಇಲ್ಲೆ ನೋಡ್ರಿ, ಎಂದಳು, ಅವನ ಕುತ್ತಿಗೆ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದಳು, ಬಟ್ಟಲು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತಿದೆ, ಎಂಜಿನ್ನು ನಡುಗುತ್ತಿದೆ, ದೀಪ ಫಕಫಕ ಫಕಫಕ, ಅದರ ಬೆಳಕಿನಲ್ಲಿ ಬಿಳಿ ಗೆರೆ, ಗೆರೆಯ ಎದುರು ಗೆರೆ, ನಿಂತಿದೆ, ಇಷ್ಟೆಲ್ಲ ತಿರುಗುವುದರ ನಡುವೆ, ಬಿಳಿ ಗೆರೆ, ನಿಂತಿದೆ, ಅಲ್ಲಾಡದೆ, ಬಿಳಿ ಗೆರೆ —